ಉಳಿದ ಹದಿನಾರು ಸಾಲು

ಸತ್ತವರು ಮನೆಯಲ್ಲಿ ಸುಳಿದಾಡುತ್ತಾರೆ ಎನ್ನುವವರಿಗೆ ನಾನು ಎಂದೂ ಎದುರಾಡಿಲ್ಲ, ಆದರೆ ನಂಬಿದ್ದೂ ಇಲ್ಲ. ಇದನ್ನು ಓದಿ ನೀವು ನಂಬಬೇಕೆಂದು ಕೇಳುವುದೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಮ್ಮದು ಬನಹಟ್ಟಿ. ತಂಗಿ ಶಾಂತಾ ಸೀರೆಯ ದಡಿಗೆ, ಅಂದರೆ ಅಂಚಿಗೆ, ನಕ್ಷೆ ಬರೆಯುತ್ತಿದ್ದಳು. ನಾನು ಆ ನಕ್ಷೆ ನೋಡಿ, ಮಗ್ಗಕ್ಕೆ ಹಾಕುವ ರಟ್ಟುಗಳಿಗೆ ತೂತು ಹೊಡೆಯುತ್ತಿದ್ದೆ. ನಕ್ಷೆಯ ಒಂದು ಸಾಲಿಗೆ ಒಂದು ರಟ್ಟು. ಇಪ್ಪತ್ತೈದು ವರ್ಷ ಒಂದೇ ಕೋಣೆಯಲ್ಲಿ ಎದುರುಬದುರು ಕುಳಿತು ದುಡಿದೆವು. ನಾನೂ ಬರೆಯಲು ಹೋದಾಗಲೆಲ್ಲ, "ಅಣ್ಣಾ, ನಿನ್ನ ಹೂವಾ ನೋಡಿದ್ರ ಗೋಬಿ ಅಂತಾರ. ನೀ ತೂತ ಹೊಡಿ" ಎಂದು ನಗುತ್ತಿದ್ದಳು.

ಅವಳು ಬರೆಯುತ್ತಿದ್ದುದು ಒಂದು ಹಳೆಯ ಜಪಾನಿ ಕಂಪ್ಯೂಟರಿನಲ್ಲಿ. ಮುಂಬೈಯ ಜವಳಿ ವ್ಯಾಪಾರಿಯೊಬ್ಬರು ತಮಗೆ ಬೇಡವಾಗಿ ಕೊಟ್ಟದ್ದು. ಕೀಲಿಗಳ ಮೇಲೆ ಇಂಗ್ಲಿಷಿನ ಜೊತೆ ಜಪಾನಿ ಅಕ್ಷರ. ಅಂಥದ್ದು ನಮ್ಮ ಕಡೆ ಇನ್ನೊಂದನ್ನು ನಾನು ಕಂಡಿಲ್ಲ. ಬರೆದದ್ದನ್ನೆಲ್ಲ ಟೇಪ್‌ರೆಕಾರ್ಡರಿನಲ್ಲಿ ಕ್ಯಾಸೆಟ್ಟಿಗೆ ತುಂಬಿಡಬೇಕು. ಉಳಿದವರೆಲ್ಲ ಹೊಸ ಕಂಪ್ಯೂಟರ್ ಕೊಂಡರೂ ಅವಳು ಅದನ್ನು ಬಿಡಲಿಲ್ಲ.

ಎದೆನೋವೆಂದು ಬಾಗಲಕೋಟೆಗೆ ಕರೆದೊಯ್ಯುವಾಗ ಗಾಡಿಯಲ್ಲಿ ಹೇಳಿದಳು: "ನೂರಾ ಇಪ್ಪತ್ತರಾಗ ಹದಿನಾರ ಸಾಲ ಉಳದಾವ ಅಣ್ಣಾ. ಬಂದ ಮ್ಯಾಲ ಮುಗಸ್ತೇನಿ."

ಬರಲಿಲ್ಲ.

ಒಂದು ವರ್ಷ ನಾನು ಆ ಕೋಣೆಯ ಬಾಗಿಲು ತೆಗೆಯಲಿಲ್ಲ. ತೆಗೆದಾಗ ಯಂತ್ರ ಕೆಟ್ಟು ನಿಂತಿತ್ತು. ಅವಳ ಕೊನೆಯ ದಡಿ ಇದ್ದದ್ದು ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ, ಕಾಗದದ ಮೇಲೆ ಎಲ್ಲಿಯೂ ಇಲ್ಲ. ಅರ್ಧವಾದರೂ ಸರಿ, ಅದನ್ನೊಮ್ಮೆ ಕಣ್ಣಿಂದ ನೋಡಬೇಕು ಎನಿಸಿತು. ಜಮಖಂಡಿಯಲ್ಲಿ ಟಿವಿ ರಿಪೇರಿ ಮಾಡುವ ರಫೀಕನನ್ನು ಕರೆತಂದೆ. ಕೆಪಾಸಿಟರ್‌ಗಳು ಒಸರಿ ಬೋರ್ಡು ಹಸಿರುಗಟ್ಟಿತ್ತು. ಟೇಪಿನ ಬೆಲ್ಟು ಕರಗಿ ಡಾಂಬರಿನಂತೆ ಅಂಟಿತ್ತು. ಎಲ್ಲವನ್ನೂ ಅವನು ಬದಲಿಸಿದ. ನನ್ನ ಕೈಲಾದದ್ದು ಮಾಡೋಣವೆಂದು ನಾನು ಟೇಪನ್ನು ಓದುವ ಹೆಡ್ಡು ಒರೆಸಿ, ಅದು ವಾಲಿದ್ದು ಕಂಡು ಸ್ಕ್ರೂ ತಿರುಗಿಸಿ ನೇರ ಮಾಡಿದೆ. ಯಂತ್ರ ಚಾಲೂ ಆಯಿತು, ಕ್ಯಾಸೆಟ್ಟನ್ನು ಮಾತ್ರ ಓದಲೊಲ್ಲದು.

ನಾನು ಮಾಡಿದ್ದನ್ನು ಕೇಳಿ ರಫೀಕ ಹಣೆ ಚಚ್ಚಿಕೊಂಡ. "ಶಾಂತಕ್ಕ ಇಷ್ಟ ವರ್ಷ ಸೊಟ್ಟ ಹೆಡ್ಡಿನ್ಯಾಗ ತುಂಬ್ಯಾಳ, ಕಾಕಾ. ನೀವು ನೆಟ್ಟಗ ಮಾಡಿದ್ರ ಹೆಂಗ ಓದೀತು? ಮದಲಿನಂಗ ಸೊಟ್ಟ ಮಾಡ್ರಿ."

ಮರುದಿನ ಮಧ್ಯಾಹ್ನ ಒಬ್ಬನೇ ಕುಳಿತು ಆ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಟೇಪಿನ ಕಿರುಚು ಕೇಳುತ್ತ ಹೋದೆ. ಎಷ್ಟನೆಯ ಸಲವೋ, ದನಿ ಸ್ವಚ್ಛವಾಯಿತು. ಪರದೆಯ ಕೆಳಗಿನಿಂದ ಅವಳ ದಡಿ ಮೂಡತೊಡಗಿತು. ಗುಂಡಿ ಒತ್ತಿದಂತೆ ಒಂದೊಂದೇ ಸಾಲು. ಕಣ್ಣು ಒರೆಸಿಕೊಳ್ಳುತ್ತ ಚೌಕಳಿ ಕಾಗದದ ಮೇಲೆ ಇಳಿಸಿಕೊಂಡೆ. ಎಣಿಸಿಕೊಂಡೇ ಇಳಿಸುವುದು ನನ್ನ ರೂಢಿ. ನೂರಾ ನಾಲ್ಕು ಬಂತು. ಇನ್ನು ಮುಗಿಯಿತೆಂದುಕೊಂಡರೂ ರೂಢಿಯಂತೆ ಮತ್ತೊಮ್ಮೆ ಗುಂಡಿ ಒತ್ತಿದೆ. ನೂರಾ ಐದನೆಯ ಸಾಲು ಮೂಡಿತು.

ನಾನು ಹೆದರಲಿಲ್ಲ. ಅದೇ ನನಗೆ ಈಗಲೂ ಆಶ್ಚರ್ಯ. ಕೈ ಬರೆಯುತ್ತಲೇ ಇತ್ತು. ನೂರಾ ಇಪ್ಪತ್ತಕ್ಕೆ ಹೂವಿನ ಕೊನೆಯ ಎಸಳು ಕೂಡಿಕೊಂಡಿತು. ಅಷ್ಟರಲ್ಲಿ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು.

ಕರೆಂಟು ಬಂದ ಮೇಲೆ ಮತ್ತೆ ಹಚ್ಚಿದೆ. ನೂರಾ ನಾಲ್ಕಕ್ಕೇ ನಿಂತಿತು. ರಫೀಕ ಬಂದು ಎಷ್ಟೋ ಸಲ ಹಚ್ಚಿದ, ಅಷ್ಟಕ್ಕೇ ನಿಂತಿತು. ಟೇಪಿನಲ್ಲಿ ಅದರ ಮುಂದೆ ಬರೀ ಸುಯ್ಯೆನ್ನುವ ಸದ್ದು. ನನ್ನ ಕಾಗದವನ್ನು ಬಹಳ ಹೊತ್ತು ನೋಡಿ ಮೆಲ್ಲಗೆ ಅಂದ: "ಇಪ್ಪತ್ತೈದ ವರ್ಷ ಅಕ್ಕನ ನಕ್ಷಾ ನೋಡೀರಿ, ಕಾಕಾ. ನಿಮ್ಮ ಕೈಗೆ ಗೊತ್ತಿತ್ತು, ಬರದೈತಿ."

ಇರಬಹುದು. ಅವಳು ಹಿಂದೆಂದೋ ಅರ್ಧಕ್ಕೆ ಬಿಟ್ಟ ಇನ್ನೊಂದು ನಕ್ಷೆಯನ್ನು ಮುಂದುವರಿಸಲು ಆಮೇಲೆ ಅನೇಕ ದಿನ ಕುಳಿತೆ. ಮೂರನೆಯ ಸಾಲು ದಾಟಲು ಆಗಲಿಲ್ಲ.

ಆ ದಡಿಯ ರಟ್ಟುಗಳನ್ನು ನಾನಿನ್ನೂ ಮಾಡಿಲ್ಲ. ಬರೆದವಳು ಅವಳೇ ಆಗಿದ್ದರೆ, ಇನ್ನು ಅವಳಿಗೆ ಇಲ್ಲಿ ಯಾವ ಕೆಲಸವೂ ಉಳಿದಿಲ್ಲ. ಬರೆದವನು ನಾನಾಗಿದ್ದರೆ, ಅವಳು ಬಂದು ಮುಗಿಸಬೇಕಾದದ್ದನ್ನು ನಾನೇ ಮುಗಿಸಿಬಿಟ್ಟೆ. ಎರಡರಲ್ಲಿ ಯಾವುದೆಂದು ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ ಎನಿಸುತ್ತದೆ.