ಕ್ಲಿಪ್ಪಿನ ಸೀಟು

ಹಲ್ಲಿನ ಡಾಕ್ಟರಿಕೆ ಓದು ಮುಗಿಯಿತು, ಇನ್ನು ಮನೆಯ ಮುಂದೆ ಬೋರ್ಡು ಹಾಕುವುದೊಂದೇ ಬಾಕಿ ಎಂದು ನಮ್ಮ ಚಿತ್ತವಾಡ್ಗಿಯ ಓಣಿ ನಂಬಿಕೊಂಡಿತ್ತು. ಅಷ್ಟರಲ್ಲಿ ನಾನು ಇನ್ನೂ ಮೂರು ವರ್ಷ ಓದುತ್ತೇನೆಂದು ಹಟ ಹಿಡಿದು ಪ್ರವೇಶ ಪರೀಕ್ಷೆ ಬರೆದೆ. ರ‍್ಯಾಂಕು ಬಂತು. ಹಿಗ್ಗುವಂಥದ್ದೂ ಅಲ್ಲ, ಅಳುವಂಥದ್ದೂ ಅಲ್ಲ. ನೀನೇ ಆರಿಸಿಕೋ ಎಂದು ಬಿಟ್ಟು ಹಿಂಸೆ ಕೊಡುವಂಥದ್ದು.

ನನಗೆ ಬೇಕಾಗಿದ್ದುದು ಆರ್ಥೊ, ಅಂದರೆ ಸೊಟ್ಟ ಹಲ್ಲಿಗೆ ಕ್ಲಿಪ್ಪು ಹಾಕಿ ನೇರ ಮಾಡುವ ವಿದ್ಯೆ. ದಿನಬೆಳಗಾದರೆ ಹಲ್ಲು ಕಿತ್ತು ಕಿತ್ತು ನನಗೆ ಸಾಕಾಗಿತ್ತು. ಒಂದು ತೆಳು ತಂತಿ ತಿಂಗಳುಗಟ್ಟಲೆ ಪುಸಲಾಯಿಸಿ ಹಲ್ಲನ್ನು ಅದರ ಜಾಗಕ್ಕೆ ಕರೆತರುವುದನ್ನು ನೋಡಿ ಮರುಳಾಗಿದ್ದೆ. ಅಂಥ ತಾಳ್ಮೆ ನನ್ನಲ್ಲಿ ಇಲ್ಲದ್ದಕ್ಕೇ ಇರಬೇಕು.

ಅಪ್ಪ ಮನೆ ಕಟ್ಟುವ ಕಡೆ ಕಂಬಿ ಕೆಲಸದ ಮೇಸ್ತ್ರಿ. ಇದನ್ನೆಲ್ಲ ಅವನಿಗೆ ವಿವರಿಸಿ ಹೇಳಿದೆ. ಗಮನವಿಟ್ಟು ಕೇಳಿ, "ನಾ ಕಂಬಿ ಬಗ್ಗಸ್ತೀನಿ, ನೀ ತಂತಿ ಬಗ್ಗಸ್ತಿ. ಇದಕ್ಕ ಇಷ್ಟ್ಯಾಕ ಓದಿದಿ?" ಅಂದ. ತಂತಿ ಎಷ್ಟು ದಪ್ಪ ಎಂದು ಕೇಳಿದ. ತೋರಿಸಿದೆ. ಇಷ್ಟು ಸಣ್ಣದಕ್ಕೆ ಕೂಲಿ ಯಾವ ಲೆಕ್ಕದಲ್ಲಿ ಕೊಡುತ್ತಾರೋ ಎಂದು ನಿಜವಾಗಿಯೂ ಚಿಂತೆಗೆ ಬಿದ್ದ.

ಅಮ್ಮನದು ಬೇರೆಯೇ ಯೋಜನೆ. ಹತ್ತಿರದ ಊರಿನ ಕಾಲೇಜಿನಲ್ಲಿ ಹಲ್ಲಿನ ಸೆಟ್ಟು ಕಟ್ಟುವ ವಿಭಾಗದ ಸೀಟು ಸಿಗುವ ಹಾಗಿತ್ತು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು. ಮನೆಯಲ್ಲಿ ಅಜ್ಜಿ, ಅಂದರೆ ಅಪ್ಪನ ತಾಯಿ, ಒಂದೂ ಹಲ್ಲಿಲ್ಲದೆ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದಳು. ಮೊಮ್ಮಗಳು ಕಟ್ಟುವ ಮೊದಲ ಸೆಟ್ಟು ಆ ಬಾಯಿಗೇ ಎಂದು ಅಮ್ಮ ತೀರ್ಮಾನಿಸಿಬಿಟ್ಟಿದ್ದಳು. ಮನೆಯ ಬಾಯಿ ಬಿಟ್ಟು ಊರ ಬಾಯಿ ರಿಪೇರಿಗೆ ಹೊರಟಿದ್ದಾಳೆ ಎಂದು ಬಂದವರ ಮುಂದೆಲ್ಲ ನನ್ನ ಮರ್ಯಾದೆ ತೆಗೆಯುತ್ತಿದ್ದಳು.

ಸುದ್ದಿ ಓಣಿಗೆ ಹಬ್ಬಿತು. ಮುದುಕಿಯರು ಒಬ್ಬೊಬ್ಬರಾಗಿ ಬಂದು ಪಾಳಿ ಹಚ್ಚಿದರು. ಒಬ್ಬಳು ತನ್ನ ಹಳೆಯ ಸೆಟ್ಟನ್ನು ಕರ್ಚೀಫಿನಲ್ಲಿ ಸುತ್ತಿ ತಂದು, ಇದು ಊಟಕ್ಕೆ ಒದಗುವುದಿಲ್ಲ, ಜಗಳ ಆಡುವಾಗ ಮಾತ್ರ ಹೊರಗೆ ಬರುತ್ತದೆ ಎಂದು ದೂರಿದಳು. ಇನ್ನೊಬ್ಬಳಿಗೆ ಸಾಯುವುದರೊಳಗೆ ಕಂಪ್ಲಿ ಕಬ್ಬನ್ನು ಸಿಗಿದು ತಿನ್ನಬೇಕಿತ್ತು. ಇಷ್ಟೆಲ್ಲ ನಡೆಯುವಾಗ ಅಜ್ಜಿ ತನ್ನ ಪಾಡಿಗೆ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದಳು.

ನಾನು ಸೀನಿಯರುಗಳಿಗೆ ಫೋನು ಹಚ್ಚಿದೆ. ನನ್ನ ರ‍್ಯಾಂಕಿಗೆ ಆರ್ಥೊ ಸಿಗುವಂಥ ಎರಡು ಕಾಲೇಜುಗಳ ಪೈಕಿ ಒಂದರಲ್ಲಿ ವಿಭಾಗ ಹೇಗಿದೆ ಎಂದು ಕೇಳಿದರೆ, ಹಾಸ್ಟೆಲಿನ ಊಟ ಮಸ್ತ್ ಇದೆ ಎಂಬ ಉತ್ತರ ಬಂತು. ಒತ್ತಿ ಕೇಳಿದಾಗ, ಪೇಷಂಟುಗಳು ಅಪರೂಪ ಎಂದು ಬಾಯಿಬಿಟ್ಟರು. ಕರಾವಳಿಯ ಇನ್ನೊಂದು ಕಾಲೇಜಿನ ಹುಡುಗಿಗೆ ಮಾತಾಡಲೂ ಪುರುಸೊತ್ತಿಲ್ಲ. ಪೇಷಂಟು ಕುರ್ಚಿಯಲ್ಲಿದ್ದಾರೆ ಎಂದು ಎರಡು ಸಲ ಫೋನಿಟ್ಟಳು. ನನಗೆ ಬೇಕಾದದ್ದು ಅದೇ ಎಂದು ಗೊತ್ತಾಯಿತು. ಆದರೆ ಅದು ರಾತ್ರಿಯಿಡೀ ಬಸ್ಸಿನ ದಾರಿ. ಅಲ್ಲಿಗೆ ಹೋದರೆ ಅಜ್ಜಿಗೆ ಹಲ್ಲೂ ಇಲ್ಲ, ಮೊಮ್ಮಗಳೂ ಇಲ್ಲ.

ಅಜ್ಜಿ ಎಂದರೆ ನನಗೆ ಪ್ರಾಣ. ಸೀಟಿಗಾಗಿ ಫೋನಿನಲ್ಲೇ ತುಂಬುವ ಆಯ್ಕೆಯ ಪಟ್ಟಿಯಲ್ಲಿ ಹಲ್ಲು ಕಟ್ಟುವ ಸೀಟನ್ನೇ ಮೊದಲು ಹಾಕಿ, ಆರ್ಥೊವನ್ನು ಕೆಳಗೆ ತಳ್ಳಿದೆ. ಪಟ್ಟಿ ಲಾಕ್ ಮಾಡಲು ಅವತ್ತೇ ಕೊನೆಯ ದಿನ. ಒಮ್ಮೆ ಲಾಕ್ ಆದರೆ ಬ್ರಹ್ಮ ಬಂದರೂ ಬದಲಾಗುವುದಿಲ್ಲ. ಮಧ್ಯಾಹ್ನ ಕಟ್ಟೆಯ ಮೇಲೆ ಅಜ್ಜಿಯ ಪಕ್ಕ ಫೋನು ಹಿಡಿದು ಕೂತೆ. ನನ್ನ ಮುಖ ಹರಳೆಣ್ಣೆ ಕುಡಿದವರಂತೆ ಇತ್ತೇನೋ, ನಿನಗೆ ಬೇಕಾದದ್ದು ಯಾವುದು ಎಂದು ಕೇಳಿದಳು. ಹೇಳಿದೆ. ಉಬ್ಬಿದ ಹಲ್ಲನ್ನೂ ಒಳಗೆ ತರಬಹುದಾ ಎಂದು ಕೇಳಿದಳು. ತರಬಹುದು ಅಂದೆ. ದೊಡ್ಡವಳಾಗುವ ವಯಸ್ಸಿನ ಹುಡುಗಿಗೆ ಆಗುತ್ತದಾ ಎಂದಳು. ಅದೇ ಸರಿಯಾದ ವಯಸ್ಸು ಎಂದೆ.

ಅಜ್ಜಿ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು.

"ನನ್ನ ಹಲ್ಲು ಭಾಳ ಉಬ್ಬಿದ್ವು," ಅಂದಳು. "ವರ ನೋಡಾಕ ಬಂದಾಗ ಬಾಯಿ ತಗಿಬ್ಯಾಡ ಅಂದ್ಲು ನಮ್ಮವ್ವ. ಅವತ್ತು ಬಾಯಿಗೆ ಸೆರಗು ಹಿಡಿದಾಕಿ, ಮೊಮ್ಮಕ್ಕಳಾಗೋ ತನಕ ಬಿಡಲಿಲ್ಲ. ಹಲ್ಲು ಉದುರಿದ ಮ್ಯಾಲೆ ನಕ್ಕೀನವ್ವ ನಾನು. ಈಗ ಸೆಟ್ಟು ಕಟ್ಟಿ ಮತ್ತ ಬಾಯಿ ಮುಚ್ಚಿಸಬ್ಯಾಡ್ರಿ."

ನನ್ನ ಕಣ್ಣು ತುಂಬಿ ಬಂದವು. ಓಣಿಯ ಕೊನೆಯವರೆಗೂ ಕೇಳುವ ಹಾಗೆ ನಗುವ ಅಜ್ಜಿಯನ್ನು ಮಾತ್ರ ನಾನು ಕಂಡವಳು. ಅದಕ್ಕೂ ಮೊದಲು ಒಬ್ಬಳು ನಗದ ಹುಡುಗಿ ಇದ್ದಳೆಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಬಹುಶಃ ಯಾರಿಗೂ ಗೊತ್ತಿರಲಿಲ್ಲ. ಕರಾವಳಿಯ ಆರ್ಥೊವನ್ನು ಮೇಲಕ್ಕೆ ತಂದು ಲಾಕ್ ಒತ್ತಿದೆ.

ಆಮೇಲೆ ಹೆದರಿಕೆ ಶುರುವಾಯಿತು. ಒಳಗೆ ಅಮ್ಮ ರೊಟ್ಟಿ ಬಡಿಯುತ್ತಿದ್ದಳು, ಅದೂ ಜೋರಾಗಿ. ಹೇಗೆ ಹೇಳಲಿ ಎಂದು ನಾನು ಹೊಸ್ತಿಲಲ್ಲೇ ತಡವರಿಸುತ್ತಿದ್ದಾಗ ಅಜ್ಜಿ ಗೋಡೆ ಹಿಡಿದು ಎದ್ದು ಬಂದಳು.

"ದೂರದ ಸೀಟು ಆರಿಸಿದಾಕಿ ನಾನು," ಅಂದಳು ಅಮ್ಮನಿಗೆ. "ಜಗಳ ಮಾಡೋದಿದ್ರ ನನ್ನ ಕೂಡ ಮಾಡು."

ಅತ್ತೆಗೆ ಎದುರಾಡುವ ಧೈರ್ಯ ಅಮ್ಮನಿಗೆ ಮದುವೆಯಾದಾಗಿನಿಂದ ಬಂದಿಲ್ಲ. ನನ್ನನ್ನು ನುಂಗುವ ಹಾಗೆ ನೋಡಿದಳು. ಆಮೇಲೆ ರೊಟ್ಟಿ ತಿರುವಿ ಹಾಕಿ, ಒಣಗಿಸಿದ ಕಟಕ ರೊಟ್ಟಿ ಕಟ್ಟಿಕೊಟ್ಟರೆ ಕರಾವಳಿಯ ತೇವಕ್ಕೆ ಎಷ್ಟು ದಿನ ತಡೆಯುತ್ತದೆ ಎಂದು ಕೇಳಿದಳು.