ಮುನಿರಾಜಣ್ಣ ಚಾಚಿದ ಮೈಕು

ಹಾಡಿನ ನಡುವೆ ಮುನಿರಾಜಣ್ಣ ಮೈಕನ್ನು ಬಾಯಿಯ ಬಳಿಯಿಂದ ತೆಗೆದು ಜನರ ಕಡೆ ಚಾಚಿಬಿಡುತ್ತಿದ್ದ. ಉದ್ದನೆಯ ಕಪ್ಪು ಕೈ, ಏಪ್ರಿಲ್ ಬಿಸಿಲಲ್ಲೂ ಬಿಚ್ಚದ ಲೆದರ್ ಜಾಕೆಟ್ಟು, ಕೊರಳಲ್ಲಿ ಗಿಟಾರು. ದೇವನಹಳ್ಳಿ ಸೀಮೆಯಲ್ಲಿ ಕನ್ನಡದಲ್ಲೇ ರಾಕ್ ಅಂಡ್ ರೋಲ್ ಕಟ್ಟಿ ಹಾಡುತ್ತಿದ್ದವನು ನನಗೆ ತಿಳಿದ ಮಟ್ಟಿಗೆ ಅವನೊಬ್ಬನೇ. ಇಪ್ಪತ್ತೆರಡು ವರ್ಷ ಅವನ ಬೆನ್ನ ಹಿಂದೆ ಕೂತು ಡ್ರಮ್ಸ್ ಬಾರಿಸಿದವನು ನಾನು.

ಗಣೇಶನ ಪೆಂಡಾಲು, ಮದುವೆ ಛತ್ರ, ರಾಜ್ಯೋತ್ಸವದ ವೇದಿಕೆ, ಎಲ್ಲಿ ಕರೆದರೂ ಹೋಗುತ್ತಿದ್ದೆವು. ಜನ ಸಿನಿಮಾ ಹಾಡು ಕೇಳುತ್ತಿದ್ದರು. "ಎರಡು ನಿಮ್ದು, ಒಂದು ನಂದು. ಒಪ್ಗೆ ಇದ್ರೆ ಕೂತ್ಕೊಳಿ, ಇಲ್ದಿದ್ರೆ ಊಟಕ್ಕೆ ಹೋಗಿ" ಎಂದು ಅವನು ಮೈಕಿನಲ್ಲೇ ಚೌಕಾಸಿಗೆ ಇಳಿಯುತ್ತಿದ್ದ. ಕೆಲವರು ನಿಜಕ್ಕೂ ಊಟಕ್ಕೆ ಏಳುತ್ತಿದ್ದರು.

ಅವನ ಹಾಡುಗಳಲ್ಲಿ ಒಂದನ್ನು ಮಾತ್ರ ಯಾವ ಕಾರ್ಯಕ್ರಮದಲ್ಲೂ ಬಿಡುತ್ತಿರಲಿಲ್ಲ. ಹರೆಯದಲ್ಲಿ ತನ್ನೂರಿನ ಗಣೇಶನ ಮುಂದೆ ತಮಾಷೆಗೆ ಕಟ್ಟಿದ್ದು. "ಎಲ್ಲಿದ್ದೀರ್ಲಾ ನಮ್ಮೋರು" ಎಂದು ಅವನು ಕೂಗಿ ಮೈಕು ಚಾಚಿದರೆ, ಊರಿಗೆ ಊರೇ "ಇಲ್ಲೇ ಇದ್ದೀವಿ ಕಣ್ಲಾ" ಎಂದು ಹಾಡಬೇಕು. ತಂಡ ಸೇರಿದ ಹೊಸತರಲ್ಲಿ ನಾನದನ್ನು ಕೇಳಿದ್ದೇನೆ. ಹಲ್ಲಿಲ್ಲದ ಮುದುಕಿಯರೂ ಹಾಡುತ್ತಿದ್ದರು.

ಆಮೇಲೆ ವಿಮಾನ ನಿಲ್ದಾಣ ಬಂತು. ಅವನ ಊರು ರನ್‌ವೇಗೆ ಹೋಯಿತು. ಜನ ವಿಜಯಪುರ, ಹೊಸಕೋಟೆ, ಅರಿಶಿನಕುಂಟೆ ಎಂದು ಚೆದುರಿದರು. ಇವನು ಹಾಡು ಬಿಡಲಿಲ್ಲ. ರೆಸಾರ್ಟುಗಳ ಹುಲ್ಲಿನ ಮೇಲೆ, ಎಲ್ಲೆಲ್ಲಿಂದಲೋ ಬಂದವರ ಎದುರು ಅದೇ ಸಾಲು ಕೂಗಿ ಅದೇ ಕೈ ಚಾಚುತ್ತಿದ್ದ. ಯಾರಿಗೂ ಉತ್ತರ ಗೊತ್ತಿರಲಿಲ್ಲ. ನಾನು ಸ್ಟಿಕ್ಕು ಎತ್ತಿಕೊಂಡು ಕಾಯಬೇಕು. ಅವನು ಕಣ್ಣು ಮುಚ್ಚಿ, ಮೆಲ್ಲಗೆ ತಲೆಯಾಡಿಸಿ, ತನಗೆ ಸಾಕೆನಿಸಿದ ಮೇಲೆ ಮುಂದಿನ ಸಾಲಿಗೆ ಬರುತ್ತಿದ್ದ. ಆ ಮೌನ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಅದರೊಳಗೆ ಕೂತಿರಲು ನನಗೆ ಹೆದರಿಕೆಯಾಗುತ್ತಿತ್ತು.

ಒಮ್ಮೆ ಬೆಂಗಳೂರಿನ ಸ್ಟುಡಿಯೋ ಒಂದರಿಂದ ಆ ಹಾಡನ್ನು ರೆಕಾರ್ಡ್ ಮಾಡಲು ಕರೆ ಬಂತು. ಅವನು ಜನರು ಹಾಡಬೇಕಾದ ಸಾಲಿಗೆ ಬಂದು ಸುಮ್ಮನಾದ. "ಅದನ್ನೂ ನೀವೇ ಹಾಡ್ಬಿಡಿ ಸಾರ್" ಎಂದರು ಸ್ಟುಡಿಯೋದವರು.

"ಅದು ನಂದಲ್ಲ ಸ್ವಾಮಿ, ಅವ್ರದ್ದು" ಎಂದು ಗಿಟಾರನ್ನು ಚೀಲಕ್ಕೆ ಹಾಕಿದ. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ವಾಪಸ್ ಬರುವಾಗ ಬಸ್ಸಿನಲ್ಲಿ ಅವನನ್ನು ಬಿಟ್ಟು ಹಿಂದಿನ ಸೀಟಿಗೆ ಹೋಗಿ ಕೂತೆ.

ಕೊನೆಯ ಕಾರ್ಯಕ್ರಮ ನಂದಿ ರಸ್ತೆಯ ರೆಸಾರ್ಟಿನಲ್ಲಿ, ಒಂದು ಮಧ್ಯಾಹ್ನ. ಅವನಿಗೆ ಅರವತ್ತಾಗಿತ್ತು, ದನಿ ಒಡೆದಿತ್ತು. ಸಾಲು ಕೂಗಿ ಕೈ ಚಾಚಿದ. "ಪಾಪ, ಮರ್ತೋಯ್ತು ಅಂಕಲ್‌ಗೆ" ಎಂದು ಮುಂದೆ ಕೂತಿದ್ದ ಹುಡುಗಿಯೊಬ್ಬಳು ನಕ್ಕಳು. ನನಗೆ ತಡೆಯಲಾಗಲಿಲ್ಲ. ಪಕ್ಕದ ಮೈಕಿಗೆ ಬಗ್ಗಿ, ಅಷ್ಟು ವರ್ಷಗಳಲ್ಲಿ ಮೊದಲ ಸಲ, "ಇಲ್ಲೇ ಇದ್ದೀವಿ ಕಣ್ಲಾ" ಎಂದು ಗಟ್ಟಿಯಾಗಿ ಹಾಡಿಬಿಟ್ಟೆ. ಜನ ಚಪ್ಪಾಳೆ ತಟ್ಟಿದರು.

ಮುನಿರಾಜಣ್ಣ ತಿರುಗಿ ನೋಡಿದ.

"ನೀನ್ಯಾಕ್ಲಾ ಹಾಡ್ದೆ? ಅವ್ರು ಹಾಡ್ತಾ ಇದ್ರಲ್ಲ."

"ಯಾರಣ್ಣ?"

ಅವನು ಮೈಕನ್ನು ಇನ್ನೊಮ್ಮೆ ಚಾಚಿ, ತಲೆ ವಾಲಿಸಿ, ತುಂಬ ಹೊತ್ತು ಕಿವಿಗೊಟ್ಟು ನಿಂತ. ಆಮೇಲೆ ಗಿಟಾರನ್ನು ಕೊರಳಿಂದ ತೆಗೆದು ಕೆಳಗಿಟ್ಟ.

"ನಿಲ್ಲಿಸ್ಬಿಟ್ರು" ಎಂದ.

ಮತ್ತೆ ಅವನು ಹಾಡಲಿಲ್ಲ. ಆ ಮಳೆಗಾಲ ಮುಗಿಯುವ ಮೊದಲೇ ಹೋಗಿಬಿಟ್ಟ. ಊರು ಹೋದ ಮೇಲೆ ಆ ಊರಿನವರ ದನಿ ನನಗೆ ಒಂದು ದಿನವೂ ಕೇಳಿಸಿರಲಿಲ್ಲ. ಆದರೂ ಅವರ ಬಾಯಿ ಮುಚ್ಚಿಸಿದವನು ನಾನೇ.