ನಾನು ಬರೆದ ಕುಡುಕ

ಬಿ.ಎ. ಮುಗಿಸಿದ ಮರುವರ್ಷ ನಾನು ಇಂದಿರಾನಗರದ ಒಂದು ಸೇವಾಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದೆ. ಅದು ತೊಂಬತ್ತರ ದಶಕದ ನಡುಭಾಗ. ಅಪ್ಪ ಕೆ.ಆರ್. ಪುರದ ಕಡೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ಬ್ಯಾಂಕ್ ಪರೀಕ್ಷೆ ಬರೆ ಎಂದು ಅವರ ಒತ್ತಾಯ. ಬಡವರಿಗಾಗಿ ಏನಾದರೂ ಮಾಡಬೇಕೆಂದು ನನ್ನ ಹಟ. ನಾವಿದ್ದ ಕಾರ್ಖಾನೆಯ ಕ್ವಾರ್ಟರ್ಸಿನ ಹೆಂಗಸರೆಲ್ಲ ನನ್ನನ್ನು ಹೊಗಳಿದ್ದರು, ಆ ಹೊಗಳಿಕೆ ನನಗೆ ತುಂಬ ಹಿಡಿಸಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಸಂಸ್ಥೆಯ ಅಧ್ಯಕ್ಷೆ ಅರವತ್ತು ದಾಟಿದ ಹೆಂಗಸು. ತಮ್ಮ ಮನೆಯ ಮೊದಲ ಮಹಡಿಯನ್ನೇ ಕಚೇರಿ ಮಾಡಿದ್ದರು. ಮರ್ಫಿ ಟೌನಿನಲ್ಲಿ ಒಂದು ಹಾಲ್ ಬಾಡಿಗೆಗೆ ಹಿಡಿದು ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದೆವು, ಆಗಾಗ ಹಳೆ ಬಟ್ಟೆ ಹಂಚುತ್ತಿದ್ದೆವು.

ಆ ಬಟ್ಟೆಯ ಮೂಟೆಗಳನ್ನು ಬಿಚ್ಚಿ ವಿಂಗಡಿಸುವುದು ನನ್ನ ಪಾಲಿಗೆ ಬಂದಿತ್ತು. ಕೊಡುವವರು ಕಾರಿನಲ್ಲಿ ಬಂದು, ಮೂಟೆಯನ್ನು ಮೆಟ್ಟಿಲ ಬಳಿ ಇಳಿಸಿ, “ಎಲ್ಲಾ ಚೆನ್ನಾಗೇ ಇದೆ, ಪಾಪ ಯಾರಿಗಾದ್ರೂ ಆಗುತ್ತೆ” ಎಂದು ಹೇಳಿ ಹೋಗುತ್ತಿದ್ದರು. ಒಳಗೆ ಕಂಕುಳಲ್ಲಿ ಬೆವರಿನ ಹಳದಿ ಕಲೆ ಗಟ್ಟಿಯಾಗಿ ಕೂತ ರವಿಕೆಗಳು, ಎಲಾಸ್ಟಿಕ್ ಸತ್ತ ಒಳಚಡ್ಡಿಗಳು, ಮಗು ವಾಂತಿ ಮಾಡಿದ್ದನ್ನು ಒಗೆಯದೆ ಹಾಗೇ ಮಡಿಸಿಟ್ಟ ಬೆಡ್‌ಶೀಟ್. ಒಮ್ಮೆ ಒಂದು ಪ್ಯಾಂಟಿನ ಜೇಬಿನಲ್ಲಿ ಬಳಸಿದ ಬ್ಯಾಂಡೇಜ್ ಸಿಕ್ಕಿತು. ಅವತ್ತು ಊಟದ ಡಬ್ಬಿ ತೆಗೆಯಲಾಗಲಿಲ್ಲ. ಈ ಕೆಲಸದಲ್ಲಿ ಇದಕ್ಕಿಂತ ಹೇಸಿಗೆ ಇನ್ನೇನಿದ್ದೀತು ಎಂದುಕೊಂಡಿದ್ದೆ.

ನನ್ನ ಇನ್ನೊಂದು ಕೆಲಸ ಬರೆಯುವುದು. ಹೊರದೇಶದ ದಾನಿಗಳಿಗೆ ವರ್ಷಕ್ಕೊಮ್ಮೆ ಇಂಗ್ಲಿಷಿನಲ್ಲಿ ಒಂದು ಪುಸ್ತಿಕೆ ಕಳಿಸುತ್ತಿದ್ದೆವು. ಅದರಲ್ಲಿ ನಮ್ಮಿಂದ ಉದ್ಧಾರವಾದವರ ಒಂದೊಂದು ಪುಟದ ಕಥೆ ಇರಬೇಕು. ಆ ವರ್ಷದ ಕಥೆಗೆ ನಾನು ಆರಿಸಿದ್ದು ಹೊಲಿಗೆ ತರಗತಿಯ ಒಬ್ಬಳನ್ನು. ಮೂವತ್ತೈದರ ಆಸುಪಾಸಿನ ವಿಧವೆ, ಅತ್ತೆ ಮತ್ತು ಒಬ್ಬ ಮಗಳ ಜೊತೆ ಅದೇ ಮರ್ಫಿ ಟೌನಿನಲ್ಲಿ ವಾಸ. ಮನೆಯಲ್ಲಿ ತಮಿಳು, ಹೊರಗೆ ಕನ್ನಡ. ತುಂಬ ನಗುವ ಹೆಂಗಸು. ಉಳಿದವರು ಒಂದು ಕಾಲರ್ ಕೂಡಿಸುವಷ್ಟರಲ್ಲಿ ಅವಳು ಎರಡು ಮುಗಿಸುತ್ತಿದ್ದಳು.

ಒಂದು ಮಧ್ಯಾಹ್ನ ಹಾಲ್‌ನ ಮೂಲೆಯಲ್ಲಿ ಕೂತು ಅವಳ ಕಥೆ ಕೇಳಿದೆ. ಗಂಡ ಬೋರ್ಡ್ ಬರೆಯುವವನಾಗಿದ್ದನಂತೆ. ಶಿವಾಜಿನಗರದ ಎಷ್ಟೋ ಅಂಗಡಿಗಳ ಹೆಸರು ಅವನ ಕೈಬರಹ. ಒಂದನೇ ಕ್ಲಾಸಿಗೇ ಶಾಲೆ ಬಿಟ್ಟವನು, ಆದರೆ ಕನ್ನಡ, ತಮಿಳು, ಉರ್ದು, ಇಂಗ್ಲಿಷ್ ನಾಲ್ಕರ ಅಕ್ಷರವನ್ನೂ ಬರೆಯುತ್ತಿದ್ದ.

“ಓದಕ್ಕೆ ಬರ್ತಿರಲಿಲ್ಲ ಮೇಡಂ, ಬರೆಯಕ್ಕೆ ಬರೋದು” ಎಂದು ನಕ್ಕಳು. “ಒಂದ್ಸಲ ಉರ್ದು ಬೋರ್ಡನ್ನ ತಲೆಕೆಳಗಾಗಿ ನೇತಾಕ್ಬಿಟ್ಟು ಬಂದಿದ್ರು. ಸಾಬ್ರು ಮನೇಗೇ ಬಂದ್ಬಿಟ್ರು!”

ಉಳಿದ ಬಣ್ಣದಲ್ಲಿ ಮನೆಯ ಬಾಗಿಲ ಮೇಲೆ ಅವಳ ಹೆಸರನ್ನು ಬರೆದಿದ್ದನಂತೆ. ತನ್ನದನ್ನಲ್ಲ, ಅವಳದ್ದನ್ನು ಮಾತ್ರ. ಆಮೇಲೆ ಕಾಮಾಲೆ ಬಂತು. ಆ ಬೇಸಿಗೆಯಲ್ಲಿ ನಲ್ಲಿಯಲ್ಲಿ ಚರಂಡಿ ನೀರು ಸೇರಿ ಆ ಸಾಲಿನ ನಾಲ್ಕು ಮನೆಯಲ್ಲಿ ಕಾಮಾಲೆಯಾಗಿತ್ತು. ಮೂರು ಮನೆಯವರು ಉಳಿದರು, ಇವನು ಉಳಿಯಲಿಲ್ಲ. ಹೇಳುವಾಗ ಅವಳು ಅಳಲಿಲ್ಲ. ಕೈಯಲ್ಲಿದ್ದ ಬಟ್ಟೆಯ ಅಂಚನ್ನು ಉಗುರಿನಿಂದ ಗೀರುತ್ತಲೇ ಇದ್ದಳು.

ನಾನು ಅದನ್ನೆಲ್ಲ ಹಾಗೆಯೇ ಬರೆದುಕೊಂಡು ಹೋಗಿ ಅಧ್ಯಕ್ಷೆಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಓದಿ, ಹಾಳೆಯನ್ನು ಮೇಜಿನ ಮೇಲಿಟ್ಟರು.

“ಇದ್ರಲ್ಲಿ ಕಥೇನೇ ಇಲ್ವಲ್ಲಮ್ಮಾ. ಗಂಡ ಒಳ್ಳೆಯವನು, ಅತ್ತೆ ಒಳ್ಳೆಯವಳು. ಮತ್ತೆ ನಾವ್ಯಾಕೆ ಬೇಕು ಇವಳಿಗೆ?”

“ಕಾಯಿಲೆ ಬಂದು ಹೋಗ್ಬಿಟ್ರು ಮೇಡಂ. ಅದೇ ಕಷ್ಟ ಅಲ್ವಾ?”

“ಏನು ಕಾಯಿಲೆ? ಜಾಂಡೀಸ್. ಈ ಜನಕ್ಕೆ ಜಾಂಡೀಸ್ ಯಾತರಿಂದ ಬರುತ್ತೆ ಅಂತ ನಿನಗೆ ಗೊತ್ತಿಲ್ವಾ? ಕುಡೀತಿದ್ದ ಅಂತ ಬರಿ. ಅವಳಿಗೆ ಹೇಳ್ಕೊಳಕ್ಕೆ ನಾಚಿಕೆ ಆಗಿರುತ್ತೆ.”

ನಾನು ವಾದ ಮಾಡಬಹುದಿತ್ತು. ನಾಲ್ಕು ಮನೆಯ ನಲ್ಲಿಯ ವಿಷಯ ಹೇಳಬಹುದಿತ್ತು. ಹೇಳದೆ ನನ್ನ ಮೇಜಿಗೆ ಬಂದು ಟೈಪ್‌ರೈಟರಿಗೆ ಹೊಸ ಹಾಳೆ ಹಾಕಿದೆ. ಅಧ್ಯಕ್ಷೆ ಕೇಳಿದ್ದು ಕುಡಿತವನ್ನು ಮಾತ್ರ. ಅವನು ಸಂಜೆ ಬಂದು ಹೆಂಡತಿಯನ್ನು ಬೆಲ್ಟಿನಿಂದ ಹೊಡೆಯುತ್ತಿದ್ದ, ಮಗು ಮಂಚದ ಕೆಳಗೆ ಅವಿತುಕೊಳ್ಳುತ್ತಿತ್ತು ಎಂದು ಸೇರಿಸಿದ್ದು ನಾನು. ಯಾರೂ ಹೇಳಿಕೊಟ್ಟಿರಲಿಲ್ಲ. ವಾಕ್ಯಗಳು ಒಂದರ ಹಿಂದೊಂದು ಸಲೀಸಾಗಿ ಬಂದವು, ಬರೆದು ಮುಗಿಸಿದಾಗ ಚೆನ್ನಾಗಿ ಬಂದಿದೆ ಎಂದು ಖುಷಿಯಾಯಿತು. ಅಧ್ಯಕ್ಷೆ ಓದಿ ನನ್ನ ಬೆನ್ನು ತಟ್ಟಿದರು.

ಫೋಟೋ ತೆಗೆಸುವ ದಿನ ಅವಳು ಮದುವೆಯ ಸೀರೆಯನ್ನೇ ಉಟ್ಟು, ತಲೆ ಬಾಚಿ, ಕನಕಾಂಬರ ಮುಡಿದು ಬಂದಳು. ವಿಧವೆಯಾಗಿ ಹೂ ಮುಡಿದದ್ದಕ್ಕೆ ತರಗತಿಯ ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರೂ ಅವಳು ಲೆಕ್ಕಿಸಲಿಲ್ಲ. ಫೋಟೋಗ್ರಾಫರ್ ಅಧ್ಯಕ್ಷೆಯತ್ತ ನೋಡಿ, “ಮೇಡಂ, ಹಿಂಗಿದ್ರೆ ಹೆಂಗೆ?” ಎಂದ. ಅಧ್ಯಕ್ಷೆ ಹೂ ತೆಗೆಸಿದರು, ಓಲೆ ಬಿಚ್ಚಿಸಿದರು. ಮೂಟೆಯಿಂದ ಒಂದು ಮಾಸಿದ ಸೀರೆ ಹುಡುಕಿಕೊಡು ಎಂದು ನನಗೆ ಹೇಳಿದರು. ಹುಡುಕಿಕೊಟ್ಟೆ. ಅವಳು ಪರದೆಯ ಹಿಂದೆ ಹೋಗಿ ಅದನ್ನು ಸುತ್ತಿಕೊಂಡು ಬಂದು, “ಥೂ, ಏನ್ ವಾಸ್ನೆ ಮೇಡಂ ಇದು” ಎಂದು ನಗುತ್ತಲೇ ಕೂತಳು. ನಗಬೇಡ ಎಂದು ಫೋಟೋಗ್ರಾಫರ್ ಮೂರು ಸಲ ಹೇಳಬೇಕಾಯಿತು.

ಪುಸ್ತಿಕೆ ಅಚ್ಚಾಗಿ ಬಂದ ಕೆಲವೇ ದಿನಗಳಲ್ಲಿ ಹೊರದೇಶದಿಂದ ನಾಲ್ಕು ಜನ ದಾನಿಗಳು ಹೊಲಿಗೆ ತರಗತಿ ನೋಡಲು ಬಂದರು. ಅವರಲ್ಲಿ ಒಬ್ಬ ವಯಸ್ಸಾದ ಹೆಂಗಸು ಇವಳನ್ನು ಗುರುತಿಸಿ, ತಬ್ಬಿಕೊಂಡು, ಅಳುತ್ತ ಏನೇನೋ ಹೇಳಿದಳು. ಇವಳು ಅವಳ ಭುಜದ ಮೇಲಿಂದ ನನ್ನ ಕಡೆ ನೋಡಿದಳು.

“ಏನಂತೆ ಮೇಡಂ?”

“ನೀವು ತುಂಬ ಧೈರ್ಯವಂತರು ಅಂತಿದ್ದಾರೆ.”

“ಅದಕ್ಯಾಕೆ ಅಳ್ತಾರೆ?”

ನಾನು ದಾನಿಗಳನ್ನು ಮುಂದಿನ ಮೆಷಿನ್ ಕಡೆ ಕರೆದೊಯ್ದೆ. ಹೋಗುವಾಗ ಆ ಹೆಂಗಸು ತನ್ನ ಕೈಯಲ್ಲಿದ್ದ ಪುಸ್ತಿಕೆಯನ್ನು ಇವಳಿಗೇ ಕೊಟ್ಟುಹೋದಳು. ಮುಚ್ಚುಮರೆಯಿಲ್ಲದ ಸಂತೋಷದಿಂದ ಇವಳು ಅದನ್ನು ಮನೆಗೆ ಒಯ್ದಳು.

ಮಗಳು ಆಗ ಏಳನೇ ಕ್ಲಾಸು. ಹತ್ತಿರದ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದಳು. ಆಮೇಲೆ ನನಗೆ ತಿಳಿದದ್ದು ಇಷ್ಟು: ಅಜ್ಜಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಮ್ಮನ ಬಗ್ಗೆ ಏನು ಹಾಕಿದ್ದಾರೆ ಓದು ಎಂದಿದ್ದಾರೆ. ಪಕ್ಕದ ಮನೆಯ ಇಬ್ಬರೂ ಕೇಳಲು ಬಂದಿದ್ದಾರೆ. ಹುಡುಗಿ ಒಂದೊಂದೇ ಸಾಲು ಇಂಗ್ಲಿಷಿನಲ್ಲಿ ಓದಿ, ತಮಿಳಿನಲ್ಲಿ ಹೇಳುತ್ತ ಹೋಗಿದ್ದಾಳೆ. ತಾನು ಹೇಳುತ್ತಿರುವುದೇನೆಂದು ಅವಳಿಗೆ ಹೊಳೆಯುವಷ್ಟರಲ್ಲಿ ಬೆಲ್ಟಿನ ಸಾಲು ಮುಗಿದಿತ್ತು.

ಮಾರನೆಯ ಬೆಳಿಗ್ಗೆ ಅವಳು ಕಚೇರಿಗೆ ಬಂದಳು. ಕೈಯಲ್ಲಿ ಪುಸ್ತಿಕೆ. ಅಧ್ಯಕ್ಷೆಯ ಎದುರು ನಿಂತು, ಕೂರು ಎಂದರೂ ಕೂರಲಿಲ್ಲ.

“ನನ್ನ ಗಂಡ ಕುಡೀತಾ ಇರಲಿಲ್ಲ.”

“ನೋಡಮ್ಮಾ, ಇದು ಫಾರಿನ್ನಿಗೆ ಹೋಗೋದು. ಇಲ್ಲಿ ಯಾರು ಓದ್ತಾರೆ?” ಎಂದರು ಅಧ್ಯಕ್ಷೆ.

“ನನ್ನ ಮಗಳು ಓದಿದ್ಲು.”

ಅಧ್ಯಕ್ಷೆ ದನಿ ಇಳಿಸಿ, “ಕೋರ್ಸ್ ಮುಗಿದ ಮೇಲೆ ಒಂದು ಮೆಷಿನ್ ಕೊಡಬೇಕು ಅಂತಿದೀವಿ. ನಿನ್ನ ಹೆಸರೇ ಮೊದಲು ಬರೆದಿದೀನಿ” ಎಂದರು.

ಅವಳು ಆ ಮಾತು ಕೇಳಿಸಿಯೇ ಇಲ್ಲವೆಂಬಂತೆ ನನ್ನ ಕಡೆ ತಿರುಗಿದಳು. “ನೀವೇ ತಾನೆ ಬರ್ಕೊಂಡಿದ್ದು? ನಾನು ಹೇಳ್ದಾಗ ಬೆಲ್ಟು ಎಲ್ಲಿತ್ತು ಮೇಡಂ? ಅವರತ್ರ ಬೆಲ್ಟೇ ಇರಲಿಲ್ಲ. ಪೈಂಟಿನ ಡಬ್ಬ ಕಟ್ಟೋ ಹಗ್ಗಾನೇ ಸೊಂಟಕ್ಕೆ ಕಟ್ಕೊಳ್ತಿದ್ರು.”

“ತಪ್ಪಾಯ್ತು” ಎಂದೆ.

“ನನಗೆ ಹೇಳ್ಬೇಡಿ. ಬನ್ನಿ, ನಮ್ಮತ್ತೆಗೆ ಹೇಳಿ.”

ಅಧ್ಯಕ್ಷೆ ಕಣ್ಣಲ್ಲೇ ಬೇಡವೆಂದರು. ನಾನು ಎದ್ದು ಅವಳ ಹಿಂದೆ ಹೊರಟೆ. ಧೈರ್ಯದಿಂದ ಎದ್ದೆನೆಂದು ಹೇಳಲಾರೆ, ಆ ಕೋಣೆಯಲ್ಲಿ ಕೂತಿರಲು ಆಗಲಿಲ್ಲ ಅಷ್ಟೆ. ಮರ್ಫಿ ಟೌನಿನವರೆಗೆ ನಡೆದೇ ಹೋದೆವು.

ಒಂದೇ ಕೋಣೆಯ ಮನೆ. ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ ಅವಳ ಹೆಸರು, ಅಕ್ಷರಗಳ ಅಂಚಿಗೆ ಹಳದಿ ನೆರಳು. ಅತ್ತೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಹುಡುಗಿ ಶಾಲೆಗೆ ಹೋಗದೆ ಗೋಡೆಗೆ ಒರಗಿ ನಿಂತಿದ್ದಳು. ಸೊಸೆ ತಮಿಳಿನಲ್ಲಿ, ಇವರೇ ಬರೆದವರು ಎಂದಳು. ಪಕ್ಕದ ಮನೆಯವರನ್ನೂ ಅವಳೇ ಕರೆದು ಬಾಗಿಲಲ್ಲಿ ನಿಲ್ಲಿಸಿದಳು.

ನಾನು ಕನ್ನಡದಲ್ಲೇ ಹೇಳಿದೆ. ಇದರಲ್ಲಿರುವುದು ಸುಳ್ಳು, ನಿಮ್ಮ ಮಗ ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಅದನ್ನು ನಾನು ಸೇರಿಸಿದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು. ಸೊಸೆ, “ಜೋರಾಗಿ ಹೇಳಿ” ಎಂದಳು. ಮತ್ತೆ ಹೇಳಿದೆ.

ಅತ್ತೆ ಹರಕು ಕನ್ನಡದಲ್ಲಿ ಹೇಳಿದರು: “ಆಸ್ಪತ್ರೇಲಿ ಡಾಕ್ಟರೂ ಹಿಂಗೇ ಕೇಳ್ದ. ಕುಡೀತಾನಾ, ಕುಡೀತಾನಾ ಅಂತ. ಇಲ್ಲ ಸಾಮಿ ಅಂದ್ರೆ ನಂಬಲಿಲ್ಲ. ಬೆಡ್ಡಿನ ಚೀಟೀಲಿ ಬರ್ದೇಬಿಟ್ಟ. ನನ್ನ ಮಗ ಆ ಚೀಟಿ ನೋಡ್ತಾ ನೋಡ್ತಾನೇ ಸತ್ತ. ಓದಕ್ಕೆ ಬರ್ತಿರಲಿಲ್ಲ, ಏನಮ್ಮಾ ಬರ್ದಿದಾರೆ ಅಂತ ಕೇಳ್ತಾ ಇದ್ದ. ಡಾಕ್ಟರಿಗಾದ್ರೆ ನಾವ್ಯಾರು ಗೊತ್ತಿಲ್ಲ. ನೀನು ನಮ್ಮ ಸೊಸೆ ಪಕ್ಕ ಕೂತು ಕೇಳಿಸ್ಕೊಂಡು ಹೋದೋಳು.”

ಕೂರು ಎನ್ನಲಿಲ್ಲ. ನೀರು ಬೇಕಾ ಎನ್ನಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಳ್ಳುವಾಗ ಹುಡುಗಿ ಹೊಸಿಲ ಬಳಿ ಬಂದು, ಇಂಗ್ಲಿಷಿನಲ್ಲಿ, ಸ್ಪಷ್ಟವಾಗಿ, ನಾನು ಯಾವತ್ತೂ ಮಂಚದ ಕೆಳಗೆ ಅವಿತುಕೊಂಡಿಲ್ಲ, ನಮ್ಮ ಮನೆಯಲ್ಲಿ ಮಂಚವೇ ಇಲ್ಲ ಎಂದಳು.

ಕಚೇರಿಗೆ ಮರಳಿ, ಬೀರುವಿನಲ್ಲಿ ಉಳಿದಿದ್ದ ಪುಸ್ತಿಕೆಗಳ ಕಟ್ಟನ್ನೆಲ್ಲ ಇಳಿಸಿ, ಆ ಸಾಲುಗಳ ಮೇಲೆ ಕಪ್ಪು ಮಾರ್ಕರ್ ಎಳೆಯುತ್ತ ಕೂತೆ. ಬೆರಳುಗಳೆಲ್ಲ ಕಪ್ಪಾದವು. ಅಧ್ಯಕ್ಷೆ ಬಂದು ನೋಡಿ ಸಿಟ್ಟಿಗೆದ್ದರು. “ಈ ಗೆರೆ ನೋಡಿದೋರು ಏನನ್ಕೊಳ್ತಾರೆ? ಏನೋ ಮುಚ್ಚಿಡ್ತಿದಾರೆ ಅಂತಾರೆ!” ಆ ಪ್ರತಿಗಳು ರದ್ದಿಗೆ ಹೋದವು. ತಿಂಗಳೊಳಗೆ ಹೊಸ ಕಟ್ಟು ಬಂತು, ಅದೇ ಸಾಲುಗಳೊಂದಿಗೆ.

ಅವಳು ಮತ್ತೆ ಹೊಲಿಗೆ ತರಗತಿಗೆ ಬರಲಿಲ್ಲ. ಮೆಷಿನ್ ಬೇರೆಯವಳಿಗೆ ಸಿಕ್ಕಿತು. ನಾನಾದರೋ ಅಲ್ಲೇ ಇನ್ನೂ ಒಂದೂವರೆ ವರ್ಷ ಇದ್ದೆ. ಒಳಗಿದ್ದು ಸರಿಪಡಿಸುತ್ತೇನೆ ಎಂದು ಮನೆಯವರಿಗೂ ನನಗೂ ಹೇಳಿಕೊಂಡೆ. ಏನನ್ನೂ ಸರಿಪಡಿಸಲಿಲ್ಲ. ಇನ್ನೂ ಮೂರು ಜನರ ಕಥೆ ಬರೆದೆ, ಅವುಗಳಲ್ಲಿ ಸುಳ್ಳು ಕಡಿಮೆಯಿತ್ತು ಎನ್ನುವುದಷ್ಟೇ ವ್ಯತ್ಯಾಸ. ಸಿ.ವಿ. ರಾಮನ್ ನಗರದ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಮೇಲೆ ಬಿಟ್ಟೆ. ಬೀಳ್ಕೊಡುಗೆಯ ದಿನ ಅಧ್ಯಕ್ಷೆ ಶಾಲು ಹೊದಿಸಿದರು. ಹೊದಿಸಿಕೊಂಡೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷಕ್ಕೆ, ಶಾಲೆಯ ಕೆಲಸಕ್ಕೆಂದು ಇಂಟರ್‌ನೆಟ್ ಪಾರ್ಲರಿಗೆ ಹೋದವಳು ಸಂಸ್ಥೆಯ ವೆಬ್‌ಸೈಟ್ ತೆರೆದು ನೋಡಿದೆ. ನನ್ನ ಕಥೆ ಅಲ್ಲಿತ್ತು. ಕುಡಿತ, ಬೆಲ್ಟು, ಮಂಚ, ಒಂದು ಅಲ್ಪವಿರಾಮವೂ ಬದಲಾಗಿರಲಿಲ್ಲ. ಫೋಟೋ ಮಾತ್ರ ನಾನು ಎಂದೂ ನೋಡದ ಬೇರೊಬ್ಬ ಹೆಂಗಸಿನದು. ಹೊರಗಿನ ಬೂತಿನಿಂದ ಫೋನ್ ಮಾಡಿದೆ. ನನ್ನ ಜಾಗಕ್ಕೆ ಬಂದಿದ್ದ ಹುಡುಗಿ ಎತ್ತಿದಳು.

“ಅದು ಸ್ಟ್ಯಾಂಡರ್ಡ್ ಕಂಟೆಂಟ್ ಮೇಡಂ. ಮೊದಲಿಂದ ಇರೋದು.”

“ಅದನ್ನ ಬರೆದಿದ್ದು ನಾನು. ಸುಳ್ಳು ಅದು, ತೆಗೀರಿ.”

“ಓ, ನೀವೇನಾ? ತುಂಬ ಟಚಿಂಗ್ ಆಗಿದೆ ಮೇಡಂ. ಎಲ್ರೂ ಹೇಳ್ತಾರೆ.”

ಫೋನ್ ಇಟ್ಟು, ಪಾರ್ಲರಿಗೆ ಮರಳಿ ಶಾಲೆಯ ಕೆಲಸ ಮುಗಿಸಿದೆ.

ಅವಳನ್ನು ಕೊನೆಯ ಸಲ ನೋಡಿದ್ದು ಅದಾದ ಎರಡು ಮೂರು ವರ್ಷಕ್ಕೆ, ಹಲಸೂರಿನ ಬಸ್‌ಸ್ಟಾಪಿನಲ್ಲಿ. ಕೂದಲು ಅಲ್ಲಲ್ಲಿ ನರೆತಿತ್ತು. ನಾನು ಬೇರೆ ಕಡೆ ನೋಡುವಷ್ಟರಲ್ಲಿ ಅವಳೇ ಗುರುತು ಹಿಡಿದಳು. ಅತ್ತೆ ಹೋಗಿಬಿಟ್ಟರಂತೆ. ಕೆಲವು ವರ್ಷ ಗಾರ್ಮೆಂಟ್ಸಿಗೆ ಹೋಗಿ, ಈಗ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳಂತೆ. ಮಗಳು ಬಿ.ಕಾಂ. ಮುಗಿಸಿ ಶಿವಾಜಿನಗರದ ಒಂದು ಆಡಿಟರ್ ಆಫೀಸಿನಲ್ಲಿದ್ದಾಳಂತೆ.

“ನೀವಿನ್ನೂ ಅಲ್ಲೇ ಇದೀರಾ ಮೇಡಂ?”

“ಇಲ್ಲ, ಬಿಟ್ಟೆ. ಸ್ಕೂಲಲ್ಲಿದೀನಿ.”

“ಏನ್ ಪಾಠ?”

“ಇಂಗ್ಲಿಷು.”

ಅವಳು ತಲೆಯಾಡಿಸಿದಳು. ವೆಬ್‌ಸೈಟಿನ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ನಿಮ್ಮ ಫೋಟೋ ಈಗ ಅಲ್ಲಿಲ್ಲ ಎನ್ನಲೇ, ಕಥೆ ಇನ್ನೂ ಇದೆ ಎನ್ನಲೇ ಎಂದು ಯೋಚಿಸುವಷ್ಟರಲ್ಲಿ ಬಸ್ ಬಂತು. ನಾನು ಹತ್ತಬೇಕಾದದ್ದೂ ಅದೇ ಬಸ್. ಅವಳು ಮುಂದಿನ ಬಾಗಿಲಿನಿಂದ ಹತ್ತಿ, ಕಂಬಿ ಹಿಡಿದು, ಪಕ್ಕದಲ್ಲಿ ನನಗೂ ಜಾಗ ಬಿಟ್ಟು ನಿಂತಳು. “ಬರಲ್ವಾ?” ಎಂದಳು. ನನ್ನದು ಬೇರೆ ಬಸ್ ಎಂದೆ.